ಇಡ್ಲಿ ಪಾತ್ರೆಯ ಮುಚ್ಚಳ ನಡುಗಿದ ಹಾಗೆ

ಆ ದಿನವೂ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಎಳೆದು, ಒಲೆಯ ಮೇಲೆ ಒಂದು ಕಡೆ ಹಾಲು, ಇನ್ನೊಂದು ಕಡೆ ಇಡ್ಲಿ ಪಾತ್ರೆ ಇಟ್ಟೆ. ಯಜಮಾನರು ಕೊಟ್ಟಿಗೆಯಲ್ಲಿದ್ದರು. ಎದುರು ಮನೆಯ ನಿಂಗಮ್ಮಜ್ಜಿ ಮಂಕರಿ ಬುಟ್ಟಿ ಎತ್ತಿ ಕೋಳಿಗಳನ್ನು ಬೀದಿಗೆ ಬಿಟ್ಟು, ಒಂದೊಂದನ್ನೂ ಹೆಸರು ಹಿಡಿದು ಬೈಯುತ್ತಿದ್ದರು. ಎಲ್ಲ ಎಂದಿನ ಹಾಗೇ. ನನ್ನ ಕೈ ಮಾತ್ರ ಎಂದಿನ ಹಾಗಿರಲಿಲ್ಲ. ಚಟ್ನಿಗೆ ಎರಡು ಸಲ ಉಪ್ಪು ಹಾಕಿದೆ.

ಅಂಗಳದಲ್ಲಿ ಪಿಕಪ್ಪು ನಿಂತಿತ್ತು. ಅದರ ಬೆನ್ನಿಗೆ ಮೇವಿನ ಸೈಲೇಜು ಮಿಷಿನ್ನನ್ನು ಹಿಂದಿನ ಸಂಜೆಯೇ ಕಟ್ಟಿ ಆಗಿತ್ತು. ಇನ್ನೆರಡು ಗಂಟೆಯಲ್ಲಿ ನಾನು ಅದನ್ನು ಎಳೆದುಕೊಂಡು ಮೇಲುಕೋಟೆ ಬೆಟ್ಟ ಹತ್ತಬೇಕಿತ್ತು. ಗೇರ್‌ಬಾಕ್ಸಿನ ಎಣ್ಣೆ ಕಾಯದೆ ಹತ್ತಿದರೆ ಪಿಕಪ್ಪು ಮನೆಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಅದು ಕೆ.ಆರ್. ಪೇಟೆಯ ಒಬ್ಬರ ಕೈಗೆ ಹೋಗುತ್ತದೆ, ಅವರ ಟ್ರಾಕ್ಟರು ನಮ್ಮ ಅಂಗಳಕ್ಕೆ ಬರುತ್ತದೆ. ಯಜಮಾನರು ಮಾತು ಕೊಟ್ಟಾಗಿತ್ತು.

ಟ್ರಾಕ್ಟರು ಬಂದರೆ ನಿನಗೇನು ಕಷ್ಟ ಎಂದು ನೀವು ಕೇಳಬಹುದು. ನನ್ನ ಎಡಗಾಲಿನ ಪಾದ ಸರಿಯಾಗಿ ಬಗ್ಗುವುದಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ಥ್ರೋಬಾಲ್ ಆಡುತ್ತ ಬಿದ್ದು ಮುರಿದದ್ದು, ನೆಟ್ಟಗೆ ಕೂಡಿಕೊಳ್ಳಲೇ ಇಲ್ಲ. ಕ್ಲಚ್ಚು ಒತ್ತುವ ಗಾಡಿ ನನ್ನಿಂದ ಆಗದು. ಯಜಮಾನರು ಕೊಡಗಿನ ಎಸ್ಟೇಟೊಂದರಿಂದ ಈ ಹಳೆಯ ಪಿಕಪ್ಪು ತಂದು, ‘ಇದ್ಕೆ ಕ್ಲಚ್ಚೇ ಇಲ್ಲ ಕಣೇ, ಗೇರು ತಾನೇ ಬೀಳ್ತದೆ’ ಎಂದ ದಿನ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಿದ್ದೆ. ಆಮೇಲೆ ಡೈರಿಗೆ ಹಾಲಿನ ಕ್ಯಾನು, ಪಾಂಡವಪುರಕ್ಕೆ ಮಗಳ ಸ್ಕೂಲು, ಶ್ರೀರಂಗಪಟ್ಟಣದ ಆಸ್ಪತ್ರೆಗೆ ಅತ್ತೆ, ಎಲ್ಲಕ್ಕೂ ನಾನೇ. ಹಸಿ ಜೋಳದ ಮೇವನ್ನು ಕತ್ತರಿಸಿ, ಗಾಳಿಯಾಡದ ಹಾಗೆ ಉಂಡೆ ಸುತ್ತುವ ಮಿಷಿನ್ನು ನಮ್ಮದು. ಯಜಮಾನರು ಬೈಕಿನಲ್ಲಿ ಮುಂದೆ ಹೋಗಿ ಹೊಲ ನೋಡಿರುತ್ತಿದ್ದರು, ಹಿಂದಿನಿಂದ ನಾನು ಮಿಷಿನ್ನು ಎಳೆದುಕೊಂಡು ಹೋಗುತ್ತಿದ್ದೆ. ಹೋದ ಹಂಗಾಮಿನಲ್ಲಿ ನಾಗಮಂಗಲದ ರಸ್ತೆಯಲ್ಲಿ ಸುಟ್ಟ ವಾಸನೆ ಬಂದು ಗಾಡಿ ನಿಂತೇಬಿಟ್ಟಿತು. ಅಲ್ಲಿಂದ ಶುರುವಾದದ್ದು ಈ ಟ್ರಾಕ್ಟರಿನ ಮಾತು.

ಮತ್ತು ಅಲ್ಲಿಂದಲೇ ನಮಗೆ ಆಚಾರ್ರು ಸಿಕ್ಕಿದ್ದು.

ಹೆಸರು ಬರೆಯುವುದಿಲ್ಲ. ಬಾಬುರಾಯನಕೊಪ್ಪಲಿನ ರಸ್ತೆಬದಿಯ ಅವರ ಶೆಡ್ಡಿಗೂ ಬೋರ್ಡಿರಲಿಲ್ಲ. ಚಿನ್ನದ ಕೆಲಸ ಮಾಡುವವರ ಮನೆಯಲ್ಲಿ ಹುಟ್ಟಿ, ತಾವೇ ಆರಿಸಿಕೊಂಡು ಗೇರ್‌ಬಾಕ್ಸಿನ ಕೆಲಸಕ್ಕೆ ಬಂದವರು. ಎಲ್ಲರಿಗೂ ‘ಆಚಾರ್ರು’, ನನಗೂ ಅಷ್ಟೇ. ಈ ಸಲ ಯುಗಾದಿ ಕಳೆದ ಮೇಲೆ ಅವರು ತೀರಿಕೊಂಡರು. ಸುದ್ದಿ ಕೇಳಿದಾಗಿನಿಂದ ಅವರನ್ನು ನೆನೆದು ಅಳು ಬರುತ್ತದೇನೋ ಎಂದು ನೋಡುತ್ತಿದ್ದೇನೆ. ಬರುವುದು ಬರೀ ಆ ದಿನದ ಸಡಗರ.

ಮೊದಲ ಸಲ ಶೆಡ್ಡಿಗೆ ಹೋದಾಗ ನಾನು ನೋಡಿದ್ದು ಅವರ ಚಪ್ಪಲಿ. ಗಾಡಿಯ ಅಡಿ ನುಸುಳುವ ಮುಂಚೆ ಚಪ್ಪಲಿ ಕಳಚಿ, ಎರಡನ್ನೂ ಜೋಡಿಸಿ, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ ಬಿಟ್ಟಿದ್ದರು. ಹೊರಗೆ ಬಂದು, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಬಿಳಿ ಬಟ್ಟೆಯ ಚೂರಿನ ಮೇಲೆ ಒಂದು ಗೀರು ಎಳೆದರು. ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ಎಳೆಯುತ್ತಾರಲ್ಲ, ಹಾಗೆ. ಕಪ್ಪಗಿದ್ದ ಆ ಗೀರನ್ನು ಬೆಳಕಿಗೆ ಹಿಡಿದರು, ಮೂಸಿದರು.

‘ಗೌಡ್ರೆ, ಏರಲ್ಲಿ ಎಷ್ಟೊತ್ತು ಎಳ್ದ್ರಿ?’

‘ಏ, ಜಾಸ್ತಿ ಇಲ್ಲ ಆಚಾರ್ರೆ. ವಸಿ ದೂರ ಅಷ್ಟೆಯ.’

ಆಚಾರ್ರು ಬಟ್ಟೆಯ ಚೂರನ್ನು ಮಡಿಸಿ ಜೇಬಿಗಿಟ್ಟುಕೊಂಡರು. ‘ಗಾಡಿ ಸುಳ್ಳೇಳಾಕಿಲ್ಲ ಬುಡಿ, ಏಳೋರು ನಾವೇಯ’ ಎಂದರು. ಯಜಮಾನರು ಮೀಸೆಯೊಳಗೆ ನಕ್ಕರು.

ನಾವಿರುವಾಗಲೇ ನಾಗಮಂಗಲದ ಕಡೆಯ ಒಬ್ಬರು ಕಾರು ತಂದಿದ್ದರು. ಅವರಿಗೆ ಗಾಡಿ ಎಗರಿ ಓಡುವಂಥ ಕನ್ವರ್ಟರು (ಕ್ಲಚ್ಚಿಲ್ಲದ ಗಾಡಿಯಲ್ಲಿ ಕ್ಲಚ್ಚಿನ ಜಾಗದಲ್ಲಿ ಕೂರುವುದು) ಬೇಕು. ಆಚಾರ್ರು ಅವರನ್ನು ಕೇಳಿದ್ದು ಎರಡೇ ಪ್ರಶ್ನೆ.

‘ದಿನಾ ಎಲ್ಲಿಗೋಯ್ತೀರಿ ಸ್ವಾಮಿ?’

‘ಮಂಡ್ಯಕ್ಕೆ. ಆಫೀಸು.’

‘ಅಲ್ಲೇನು ಅಷ್ಟೊಂದು ಅರ್ಜೆಂಟು?’

ಆ ಮನುಷ್ಯ ತಾವೇ ನಕ್ಕು, ಬರೀ ಎಣ್ಣೆ ಬದಲಾಯಿಸಿಕೊಂಡು ಹೋದರು.

ನಮ್ಮ ಗಾಡಿಗೆ ಹೊಸ ಕನ್ವರ್ಟರು ಬೇಕೇ ಬೇಕು ಎಂದರು ಆಚಾರ್ರು. ಆದರೆ ಯಾವುದು ಎಂದು ಶೆಡ್ಡಿನಲ್ಲಿ ಕೂತು ಹೇಳುವುದಿಲ್ಲ. ಗಾಡಿ ಇರುವ ಮನೆಗೆ ಬಂದು, ಒಂದು ದಿನ ಅದರ ಜೊತೆ ಓಡಾಡಿದ ಮೇಲೇ ಹೇಳುವುದು. ಅದು ಅವರ ಕ್ರಮ. ‘ವಧು ನೋಡಕ್ಕೆ ಮನೇಗೋಗಾಕಿಲ್ವಾ? ಅಂಗೇಯ’ ಎಂದರು. ನಾವು ಹೊರಡುವಾಗ ಪಿಕಪ್ಪಿನ ಮುಂದೆ ನಿಂತು ಏನನ್ನೋ ದಿಟ್ಟಿಸಿದರು.

ಅವರು ಮನೆಗೆ ಬಂದ ದಿನ ನನ್ನ ಅಡುಗೆಮನೆಯಿಂದ ಮುದ್ದೆ ಕೋಲು ಕೇಳಿದರು. ಅಂಗಳದಲ್ಲಿ ಒಂದು ಬಕೆಟ್ಟು ನೀರು, ನೀರಿನ ಮೇಲೆ ತೇಲುವ ಒಂದು ಪ್ಲಾಸ್ಟಿಕ್ ತಟ್ಟೆ. ಕೋಲನ್ನು ಓರೆಯಾಗಿ ಇಳಿಸಿ ತಳದಲ್ಲಿ ಗರಗರ ತಿರುಗಿಸಿದರು. ಮೇಲಿನ ತಟ್ಟೆ ನಿಧಾನವಾಗಿ ತಾನೂ ಸುತ್ತತೊಡಗಿತು.

‘ಕೋಲು ತಟ್ಟೇನ ಮುಟ್ತಾ ತಾಯಿ?’

‘ಇಲ್ಲ.’

‘ನೀರು ತಿರುಗುಸ್ತು. ಕೋಲು ಇಂಜಿನ್ನು, ತಟ್ಟೆ ನಿಮ್ಮ ಗೇರ್‌ಬಾಕ್ಸು, ನೀರಿರೋ ಜಾಗದಲ್ಲಿ ಎಣ್ಣೆ. ಇಷ್ಟೇ ಕನ್ವರ್ಟರು ಅಂದ್ರೆ. ಈಗ ತಟ್ಟೇನ ಬೆರಳಲ್ಲಿ ಇಡ್ಕಳಿ, ತಿರುಗಕ್ಕೆ ಬುಡಬೇಡಿ.’

ಹಿಡಿದೆ. ಅವರು ಕೋಲು ತಿರುಗಿಸಿದರು. ನೀರು ನನ್ನ ಬೆರಳನ್ನು ನೂಕುತ್ತಿತ್ತು.

‘ಗಾಡಿ ಕದಲದೆ ಇದ್ದಾಗ ಇಂಜಿನ್ನು ಎಷ್ಟು ಜೋರಾಗಿ ತಿರುಗಕ್ಕಾಯ್ತದೋ ಅದೇ ಸ್ಟಾಲು. ಜಾಸ್ತಿ ಇದ್ರೆ ಇಂಜಿನ್ನು ಕೂಗಿ ಕೂಗಿ ಆಮೇಲೆ ಗಾಡಿ ಎಗರ್ತದೆ. ಓಡೋ ಗಾಡಿಗೆ ಅದು ಚಂದ. ಆದ್ರೆ ಬೆನ್ನಿಗೆ ಭಾರ ಕಟ್ಕಂಡು ಅಂಗೆ ಕೂಗ್ತಾ ನಿಂತ್ರೆ, ಎಲ್ಲಾ ಶಕ್ತಿನೂ ಶಾಖ ಆಗೋಯ್ತದೆ. ಎಣ್ಣೆ ಸುಡ್ತದೆ.’

ನನ್ನ ಮೈದುನ ಮಹೇಶ ಫೋನು ಚಾಚಿದ. ಬೇಕರಿ ಇಟ್ಟಿರುವವನು, ಎರಡು ಮಕ್ಕಳ ತಂದೆ, ಆದರೆ ಗಾಡಿಯ ವೀಡಿಯೋ ನೋಡಿದರೆ ಹುಚ್ಚು. ‘ಆಚಾರ್ರೆ, ಇದ್ ನೋಡಿ, ಹೈ ಸ್ಟಾಲು. ಎಂಗೆ ಚಿಮ್ತದೆ!’

‘ಲೇ, ಸುಮ್ಕಿರ್ಲಾ’ ಎಂದರು ಯಜಮಾನರು. ‘ಚಿಮ್ಮಿ ಎಲ್ಲಿಗೋಗ್ಬೇಕ್ಲಾ ನೀನು? ಬನ್ನು ಆರೋಯ್ತದಾ? ಆಚಾರ್ರೆ, ಇರೋದ್ರಲ್ಲಿ ಕಮ್ಮಿ ಸ್ಟಾಲು ಯಾವ್ದದೆ, ಅದೇ ಆಕ್ಬುಡಿ. ನಂಗೆ ಎಳೀಬೇಕು ಅಷ್ಟೆಯ.’

‘ತೀರಾ ಕಮ್ಮಿ ಆದ್ರೂ ಕಷ್ಟ ಗೌಡ್ರೆ. ನಿಮ್ದು ಟರ್ಬೋ ಇಂಜಿನ್ನು. ಅದು ಉಸಿರು ತಗೊಳ್ಳೋ ಮುಂಚೆನೇ ಭಾರ ಎಳಿ ಅಂದ್ರೆ ಮುಗ್ಗರಿಸ್ತದೆ.’

ಕೊಯಮತ್ತೂರಿನಲ್ಲಿ ಒಬ್ಬರು ಹಳೆಯ ಕನ್ವರ್ಟರು ಕೊಯ್ದು, ಒಳಗಿನದೆಲ್ಲ ಹೇಳಿದ ಹಾಗೆ ಮಾಡಿ, ಮತ್ತೆ ಬೆಸೆದು ಕಳಿಸುತ್ತಾರಂತೆ. ಒಂದು ಸಲ ಬೆಸೆದರೆ ಮುಗಿಯಿತು, ವಾಪಸ್ಸಿಲ್ಲ. ಆರಿಸುವುದು ಒಂದೇ ಸಲ. ಅಣ್ಣ ತಮ್ಮ ಅದಕ್ಕೇ ಹೋರಾಡುತ್ತಿದ್ದರು. ಆಚಾರ್ರು ಕಾಫಿ ಲೋಟ ಪಕ್ಕಕ್ಕಿಟ್ಟು (ಕಾಫಿ ಪೂರಾ ಆರುವವರೆಗೆ ಅವರು ಮುಟ್ಟುತ್ತಲೇ ಇರಲಿಲ್ಲ) ನನ್ನ ಕಡೆ ತಿರುಗಿದರು.

‘ದಿನಾ ಓಡ್ಸೋರು ನೀವಲ್ವಾ ತಾಯಿ? ನೀವೇನೂ ಏಳಲೇ ಇಲ್ಲ.’

ನಾನು ಒಳಗೆ ಹೋಗಿ ಒಂದು ನೋಟ್‌ಬುಕ್ಕು ತಂದೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ದಿನಕ್ಕೊಂದು ಸಾಲು ಬರೆಸುತ್ತಿದ್ದರು, ಇವತ್ತು ನೀನು ಕಂಡದ್ದೇನು ಅಂತ. ಗುಬ್ಬಿ, ಮೋಡ, ಇರುವೆ ಸಾಲು. ಆ ಚಾಳಿ ನನಗೆ ಹೋಗಿಲ್ಲ. ಪಿಕಪ್ಪಿನ ಬಗ್ಗೆಯೂ ಬರೆದಿದ್ದೆ. ಓದಲು ನಾಚಿಕೆಯಾಯಿತು, ಆದರೂ ಓದಿದೆ. ‘ಬೆಳಿಗ್ಗೆ, ಖಾಲಿ ಗಾಡಿ, ಸಮ ರಸ್ತೆ. ಕಾಲು ಹಗುರ ಇಟ್ಟಾಗ ಸಣ್ಣ ನಡುಕ. ಇಡ್ಲಿ ಪಾತ್ರೆಗೆ ಹಬೆ ಕಟ್ಟುವ ಮುಂಚೆ ಮುಚ್ಚಳ ನಡುಗಿದ ಹಾಗೆ. ಜೋರಾಗಿ ಒತ್ತಿದರೆ ಇಲ್ಲ.’

‘ಅದೇ ಇವ್ಳ ಪುರಾಣ’ ಎಂದರು ಯಜಮಾನರು. ‘ವರ್ಸದಿಂದ ಏಳ್ತಾವ್ಳೆ. ನಂಗೊಂದಿನಾನೂ ಬಂದಿಲ್ಲ ನಡುಕ.’

‘ನಿಮಗ್ಯಾಕೆ ಬಂದಾತು ಗೌಡ್ರೆ? ನೀವು ಒತ್ತುದ್ರೆ ತಳ ಕಾಣ್ಬೇಕು. ಹಗುರ ಕಾಲು ಇರೋರಿಗೇ ಅದು ಸಿಕ್ಕೋದು.’ ಆಚಾರ್ರು ಎದ್ದೇ ನಿಂತಿದ್ದರು. ಆರಿದ ಕಾಫಿಯನ್ನೂ ಮರೆತಿದ್ದರು. ‘ನಡೀರಿ ತಾಯಿ, ತೋರ್ಸಿ.’

ತೊಣ್ಣೂರು ಕೆರೆಯ ಕಡೆಯಿಂದ ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ರಸ್ತೆಗೆ ಬಂದೆ. ಸಮ ರಸ್ತೆ ಸಿಕ್ಕಿತು. ಕಾಲು ಹಗುರ ಮಾಡಿದೆ. ಬಂತು, ನಡುಕ. ಆಚಾರ್ರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು, ನಾಡಿ ನೋಡುವವರ ಹಾಗೆ.

‘ಈಗ ಎಡಗಾಲಲ್ಲಿ ಬ್ರೇಕ್ ಮುಟ್ಟಿ. ಒತ್ತಬ್ಯಾಡಿ. ಹಿಂದಿನ ಲೈಟು ಅತ್ತೋವಷ್ಟು, ಸುಮ್ಕೆ ಮುಟ್ಟಿ.’

ನನ್ನ ಎಡಗಾಲಿಗೆ ಯಾರೂ ಕೆಲಸ ಹೇಳಿರಲಿಲ್ಲ. ಬಗ್ಗದ ಆ ಪಾದವನ್ನು ಮೆಲ್ಲಗೆ ತಾಗಿಸಿದೆ. ನಡುಕ ನಿಂತೇಹೋಯಿತು! ತೆಗೆದೆ, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಇನ್ನೊಮ್ಮೆ ತಾಗಿಸಿದೆ, ನಿಂತಿತು. ನಾನು ಚಿಕ್ಕ ಹುಡುಗಿಯ ಹಾಗೆ ಮೂರನೇ ಸಲವೂ ಮಾಡಿ ನೋಡಿದೆ.

‘ಸಿಕ್ತು ಕಣವ್ವಾ!’ ಆಚಾರ್ರು ತೊಡೆ ತಟ್ಟಿಕೊಂಡರು. ಹಿಂದೆ ಕೂತಿದ್ದ ಯಜಮಾನರಿಗೆ ಬಿಡಿಸಿ ಹೇಳಿದರು: ಗಾಡಿಗೆ ಓಟ ಹತ್ತಿದ ಮೇಲೆ ಕೋಲು, ತಟ್ಟೆ ಎರಡನ್ನೂ ಒಂದೇ ಹಿಡಿ ಹಿಡಿಯುವ ಬಿಲ್ಲೆಯೊಂದು ಒಳಗಿರುತ್ತದೆ. ಲಾಕಪ್ಪು ಅಂತಾರೆ. ಬ್ರೇಕು ಮುಟ್ಟಿದರೆ ಅದು ಹಿಡಿ ಬಿಡುತ್ತದೆ. ನಮ್ಮದರಲ್ಲಿ ಆ ಬಿಲ್ಲೆ ಸವೆದು, ಹಿಡಿಯಲೂ ಆಗದೆ ಬಿಡಲೂ ಆಗದೆ ಜಾರುತ್ತಿತ್ತು. ಅದರ ನಡುಕವೇ ಅದು. ‘ನೀವು ಅಣ್ಣತಮ್ಮ ಸ್ಟಾಲು ಸ್ಟಾಲು ಅಂತ ಬಡ್ಕಂತಿದ್ರಿ. ಬರೀ ಸ್ಟಾಲು ನೋಡಿ ಆಕ್ಸಿದ್ರೆ ಹೊಸದೂ ಅಂಗೇ ಸುಡ್ತಿತ್ತು. ಮುಖ್ಯ ಈ ಹಿಡಿತ.’

ಗಾಡಿ ನಿಲ್ಲಿಸಿದ ಕಡೆಯೇ ಪೆನ್ಸಿಲಿನಿಂದ ಚೀಟಿ ಬರೆದರು. ಸ್ಟಾಲು, ಕಂಪನಿ ಕೊಟ್ಟದ್ದಕ್ಕಿಂತ ಒಂದೇ ಒಂದು ಚೂರು ಮೇಲೆ, ಟರ್ಬೋ ಉಸಿರು ತಗೊಳ್ಳುವಷ್ಟು. ಲಾಕಪ್ಪಿಗೆ ಒಂದರ ಬದಲು ಹೆಚ್ಚು ಬಿಲ್ಲೆಗಳು. ಎಣ್ಣೆ ತಣಿಸುವ ಕೂಲರು ದೊಡ್ಡದು.

ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ‘ಇನ್ನೊಂದದೆ’ ಎಂದರು. ‘ಗೌಡ್ರೆ, ಮುಂದ್ಗಡೆ ದೇವ್ರ ಬೋರ್ಡು.’

ಗಾಡಿ ತಂದ ದಿನವೇ ನಮ್ಮತ್ತೆ ಹರಕೆ ಹೊತ್ತು ಕಟ್ಟಿಸಿದ್ದು ಅದು. ಹಿತ್ತಾಳೆಯ ದೊಡ್ಡ ತಗಡು, ಮೇಲೆ ಉಬ್ಬಿದ ಅಕ್ಷರದಲ್ಲಿ ‘ಶ್ರೀ ಚೆಲುವರಾಯಸ್ವಾಮಿ ಪ್ರಸನ್ನ’. ನಮ್ಮ ಕಡೆ ಗಾಡಿಯ ಮುಖಕ್ಕೆ ದೇವರ ಹೆಸರಿಲ್ಲದಿದ್ದರೆ ಬೋಳು ಹಣೆ ಇದ್ದ ಹಾಗೆ. ಯಾರು ಎಷ್ಟು ದೊಡ್ಡದು ಹಾಕಿಸುತ್ತಾರೆ ಎಂಬುದರಲ್ಲೂ ಪೈಪೋಟಿ. ಆ ತಗಡಿನ ಹಿಂದೆಯೇ ಎಣ್ಣೆಯ ಕೂಲರು. ಗಾಳಿಗೆ ದಾರಿಯೇ ಇಲ್ಲ.

ಯಜಮಾನರ ಮುಖ ಬಿಗಿಯಿತು. ‘ಅದ್ನ ತೆಗ್ಯಕ್ಕಾಗಕಿಲ್ಲ ಆಚಾರ್ರೆ. ನಮ್ಮವ್ವ ಊಟ ಬುಡ್ತಾಳೆ.’

‘ತೆಗೀರಿ ಅಂದ್ನಾ ನಾನು? ಹದಿನೈದು ದಿನ ನಂಗೆ ಕೊಡಿ. ಗಾಡಿ ಶೆಡ್ಡಲ್ಲಿರೋವಾಗ ಅದೂ ಅಲ್ಲೇ ಇರ್ತದೆ.’

ಕನ್ವರ್ಟರು ಬಂತು, ಕೂತಿತು, ಬೆಟ್ಟದ ದಿನದವರೆಗೆ ಕದಲಿಸಬೇಡಿ ಎಂಬ ತಾಕೀತಿನ ಜೊತೆ ಒಂದು ಮಧ್ಯಾಹ್ನ ಗಾಡಿ ಮನೆಗೂ ಬಂತು. ಬೋರ್ಡು ಮಾತ್ರ ಬರಲಿಲ್ಲ. ಬೆಟ್ಟ ಹತ್ತಿಸಿ ನೋಡುವ ದಿನ ತರುತ್ತೇನೆ ಎಂದಿದ್ದರು. ಅತ್ತೆ ಮೂರು ದಿನದಿಂದ ಮಗನ ಜೊತೆ ಮಾತು ಬಿಟ್ಟಿದ್ದರು.

ಆ ಬೆಳಿಗ್ಗೆ ಮೊದಲ ಬಸ್ಸಿಗೆ ಆಚಾರ್ರು ಬಂದಿಳಿದರು, ಕಂಕುಳಲ್ಲಿ ಪೇಪರು ಸುತ್ತಿದ ಗಂಟು. ಅತ್ತೆಯ ಮುಂದೆಯೇ ಬಿಚ್ಚಿದರು. ನಾನು ಇಡ್ಲಿ ತಟ್ಟೆ ಹಿಡಿದು ನಿಂತವಳು ಹಾಗೇ ನಿಂತೆ. ಅದೇ ತಗಡು, ಅದೇ ಅಕ್ಷರ. ಆದರೆ ಅಕ್ಷರಗಳ ನಡುವಿನ ಹಿತ್ತಾಳೆಯೆಲ್ಲ ಇಲ್ಲ! ತಂದೆಯ ಕಾಲದ ಸಣ್ಣ ಗರಗಸದಲ್ಲಿ, ಚಿನ್ನದ ಓಲೆ ಕೊರೆಯುವ ಹಾಗೆ ಕೊರೆದು, ನಡುವೆಲ್ಲ ಬಳ್ಳಿ ಬಿಟ್ಟಿದ್ದರು. ಅತ್ತೆಯ ಸೀರೆಯ ಹಸಿರು ಆ ಕಂಡಿಗಳಲ್ಲಿ ಕಾಣುತ್ತಿತ್ತು.

‘ಈಗ ಸ್ವಾಮಿನೂ ಅವ್ರೆ, ಗಾಳಿನೂ ಆಡ್ತದೆ. ನೋಡಿ ಅವ್ವಾ’ ಎಂದರು. ಅತ್ತೆ ಮುಟ್ಟಿ ನೋಡಿದರು. ನನ್ನ ಕೈಯ ತಟ್ಟೆ ತೆಗೆದುಕೊಂಡು ಒಳಗೆ ಹೋಗಿ, ಆಚಾರ್ರ ಇಡ್ಲಿಗೆ ಇನ್ನೊಂದು ಸೌಟು ತುಪ್ಪ ಹಾಕಿಕೊಂಡು ಬಂದರು.

ಹೊರಟೆವು. ಪಕ್ಕದಲ್ಲಿ ಆಚಾರ್ರು, ಹಿಂದಿನ ಸೀಟಿನಲ್ಲಿ ಯಜಮಾನರು, ಬೈಕಿನಲ್ಲಿ ವೀಡಿಯೋ ಹಿಡಿಯುತ್ತ ಮಹೇಶ. ಎಣ್ಣೆಯ ಶಾಖ ತೋರಿಸುವ ಪುಟ್ಟ ಮೀಟರೊಂದನ್ನು ಆಚಾರ್ರು ನನ್ನ ಕಣ್ಣೆದುರೇ ಕೂರಿಸಿದ್ದರು. ಬೆಟ್ಟದ ಬುಡ ಬಂತು. ಹಿಂದೆಲ್ಲ ಎರಡನೇ ತಿರುವಿಗೇ ವಾಸನೆ ಹೊಡೆಯುತ್ತಿತ್ತು. ಮೊದಲ ತಿರುವು ದಾಟಿತು. ಎರಡನೆಯದು ದಾಟಿತು. ಮುಳ್ಳು ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು. ಒಂದೊಂದಾಗಿ ಅಂಗೈಗಳನ್ನು ಸೆರಗಿನಲ್ಲಿ ಒರೆಸಿಕೊಂಡೆ.

ತೀರಾ ಕಡಿದಾದ ಕಡೆ ಆಚಾರ್ರು, ‘ನಿಲ್ಸಿ’ ಎಂದರು.

‘ಇಲ್ಲೇನಾ?’

‘ಊಂ. ಪೂರಾ ನಿಲ್ಸಿ. ಆಮೇಲೆ ಹೊರಡ್ಸಿ.’

ಬೆನ್ನಿಗೆ ಅಷ್ಟು ಭಾರ, ಎದುರಿಗೆ ಆಕಾಶ. ನಿಲ್ಲಿಸಿದೆ. ಯಜಮಾನರು ಆಗಲೇ ಕೆಳಗೆ ಹಾರಿ ಚಕ್ರಕ್ಕೆ ಕೊಡಲು ಕಲ್ಲು ಹುಡುಕುತ್ತಿದ್ದರು. ‘ಗೌಡ್ರೆ, ಕಲ್ಲು ಬ್ಯಾಡ ಬುಡಿ, ಅತ್ಕಳಿ’ ಎಂದು ಆಚಾರ್ರು ಕೂಗಿದರು. ಅವರು ಹತ್ತಲಿಲ್ಲ. ಕಲ್ಲನ್ನು ಎರಡು ಕೈಯಲ್ಲಿ ಹಿಡಿದು, ಮಗು ಎತ್ತಿಕೊಂಡವರ ಹಾಗೆ ರಸ್ತೆಯಲ್ಲೇ ನಿಂತರು.

ಬ್ರೇಕು ಬಿಟ್ಟು ಕಾಲು ಇಳಿಸಿದೆ. ಇಂಜಿನ್ನಿನ ಸದ್ದು ಒಂದು ಮೆಟ್ಟಿಲು ಏರಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ, ದೊಡ್ಡ ಅಂಗೈಯೊಂದು ಹಿಂದಿನಿಂದ ಮೆಲ್ಲಗೆ ನೂಕಿದ ಹಾಗೆ ಗಾಡಿ ಹೊರಟಿತು. ಹಿಂದಕ್ಕೆ ಒಂದು ಬೆರಳಿನಷ್ಟೂ ಜಾರಲಿಲ್ಲ. ಕೂಗಲಿಲ್ಲ, ಎಗರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಯಜಮಾನರು ಕಲ್ಲು ಹಿಡಿದುಕೊಂಡೇ ಹಿಂದೆ ಓಡಿ ಬರುತ್ತಿದ್ದಾರೆ! ‘ಏಯ್, ನಿಲ್ಸೇ! ನಾನವ್ನಿ!’

‘ನಿಲ್ಸಬ್ಯಾಡಿ ತಾಯಿ’ ಎಂದರು ಆಚಾರ್ರು, ಮುಖ ಒಂದಿಷ್ಟೂ ಸಡಿಲಿಸದೆ. ‘ತಮ್ಮನ ಬೈಕಲ್ಲಿ ಬತ್ತಾರೆ.’

ನಾನು ಬೆಟ್ಟದ ತುದಿಯವರೆಗೂ ನಗುತ್ತಲೇ ಓಡಿಸಿದೆ.

ಮೇಲೆ ನಿಲ್ಲಿಸಿದಾಗ ಆಚಾರ್ರು ಬಾನೆಟ್ಟು ಎತ್ತಿ, ಕಡ್ಡಿ ಎಳೆದು, ಬಿಳಿ ಬಟ್ಟೆಯ ಮೇಲೆ ಗೀರೆಳೆದರು. ಅಷ್ಟರಲ್ಲಿ ಯಜಮಾನರೂ ಬಂದು ಕೈ ಚಾಚಿದ್ದರು. ಆಚಾರ್ರು ಅವರನ್ನು ದಾಟಿ ಬಂದು ಬಟ್ಟೆಯನ್ನು ನನಗೆ ಕೊಟ್ಟರು. ದಾಸವಾಳದ ಕೆಂಪು. ಮೂಸಿದೆ. ಸುಟ್ಟ ವಾಸನೆ ಇಲ್ಲವೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಎಷ್ಟೋ ಸಣ್ಣ ಸಣ್ಣದನ್ನು ಕಂಡು ಹೇಳಿದ್ದೇನೆ. ಕಂಡದ್ದು ಹೌದಾ ನೋಡು ಎಂದು ಒಬ್ಬರು ನನ್ನ ಕೈಗೇ ತಂದುಕೊಟ್ಟಿದ್ದು ಅದೇ ಮೊದಲು. ಆ ಚೂರು ಈಗಲೂ ನೋಟ್‌ಬುಕ್ಕಿನಲ್ಲಿದೆ.

ಪುಳಿಯೋಗರೆ ತಿನ್ನುವಾಗ ಯಜಮಾನರು ಕೆ.ಆರ್. ಪೇಟೆಗೆ ಫೋನು ಹಚ್ಚಿದರು. ‘ಇಲ್ಲ ಕಣಣ್ಣ, ಟ್ರಾಕ್ಟರು ಬ್ಯಾಡ. ಊಂ, ಪಿಕಪ್ ಕೊಡಾಕಿಲ್ಲ. ನಮ್ಮನೇರು ಬುಡ್ತಿಲ್ಲ’ ಎಂದರು. ನಾನು ಬಿಡುತ್ತಿಲ್ಲವಂತೆ! ಆದರೂ ಅವರಿಗೆ ಪೂರಾ ನಂಬಿಕೆ ಬಂದಿರಲಿಲ್ಲ. ‘ಇದು ಸರ್ಯಾಗದೆ ಅಂತ ಎಂಗೆ ತಿಳಿಯೋದು ಆಚಾರ್ರೆ? ಇವತ್ತೊಂದಿನ ಚೆನ್ನಾಗಿ ಹೋಗಿರಬೌದು.’

‘ನಂಗೇಳಕ್ಕಾಗಕಿಲ್ಲ’ ಎಂದರು ಆಚಾರ್ರು, ಎಲೆ ಮಡಿಸುತ್ತ. ‘ನಿಮ್ಮ ಬೀದಿಯೋರೇ ಏಳ್ತಾರೆ ಬುಡಿ.’

ಬೆಟ್ಟ ಇಳಿದು ನಾಗಮಂಗಲದ ಕಡೆಯ ಹಳ್ಳಿಯೊಂದರಲ್ಲಿ ಮಿಷಿನ್ನು ಬಿಟ್ಟು, ಮಾರನೆಯ ಕೆಲಸಕ್ಕೆ ಯಜಮಾನರನ್ನೂ ಮಹೇಶನನ್ನೂ ಅಲ್ಲೇ ಬಿಟ್ಟು, ಖಾಲಿ ಗಾಡಿಯಲ್ಲಿ ಆಚಾರ್ರನ್ನು ಪಾಂಡವಪುರಕ್ಕೆ ಕರೆತಂದೆ. ಸಮ ರಸ್ತೆಯಲ್ಲಿ ಕಾಲು ಹಗುರ ಮಾಡಿ ಮಾಡಿ ನೋಡಿದೆ. ನಡುಕ ಬರಲೇ ಇಲ್ಲ. ಆಚಾರ್ರು ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಎಬ್ಬಿಸಿದಾಗ, ‘ಬಂದೇಬುಡ್ತಾ?’ ಎಂದು ಕಣ್ಣುಜ್ಜಿಕೊಂಡು, ಚಪ್ಪಲಿ ಹುಡುಕಿದರು. ಗಾಡಿಯೊಳಗೂ ಕಳಚಿ ಜೋಡಿಸಿಟ್ಟಿದ್ದರು.

ನಮ್ಮ ಊರೊಳಗೆ ಮಾರಮ್ಮನ ಗುಡಿಯ ಹತ್ತಿರ ಒಂದು ಸಣ್ಣ ಏರಿದೆ. ಪಿಕಪ್ಪು ದಿನಾ ಸಂಜೆ ಅಲ್ಲಿ ಗೋಳಾಡಿಕೊಂಡೇ ಹತ್ತುತ್ತಿದ್ದದ್ದು. ಆ ಗೋಳು ಕೇಳಿಯೇ ನಿಂಗಮ್ಮಜ್ಜಿ ಕೋಳಿಗಳನ್ನು ಕರೆದು ಮಂಕರಿಗೆ ಹಾಕುತ್ತಿದ್ದರು. ಆ ಸಂಜೆ ಏರು ಹತ್ತಿ ಮನೆ ಮುಂದೆ ತಿರುಗಿಸಿದರೆ ಬೀದಿಯ ತುಂಬ ಕೋಳಿ. ಗಕ್ಕನೆ ನಿಲ್ಲಿಸಿದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿ, ಮೊರ ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿಕೊಂಡು ಎದ್ದರು.

‘ಅಯ್ಯೋ, ಯಾವಾಗ ಬಂದ್ಯವ್ವಾ? ಗಾಡಿ ಸದ್ದೇ ಕೇಳ್ಲಿಲ್ವಲ್ಲ ಇವತ್ತು! ನನ್ ಕೋಳಿಗೊಳೆಲ್ಲ ಬೀದೀಲೇ ಅವೆ!’